ಬಾಗಿಲ ಸಾಲು

“ಮನೆ ಇಲ್ವಾ? ನಿಂಗೆ ಮನೆ ಇಲ್ದಿದ್ರೆ ಕಾರ್ಡಿನಲ್ಲೂ ಇಲ್ವೇನಮ್ಮ?”

ತರಬೇತಿ ಕೊಡಲು ಬೆಂಗಳೂರಿನಿಂದ ಬಂದಿದ್ದ ಶಶಿಶೇಖರ್ ಹೀಗೆಂದದ್ದೇ ತಡ, ಹಾಲ್‌ನಲ್ಲಿದ್ದ ಮೇಷ್ಟ್ರುಗಳೆಲ್ಲ ನಕ್ಕರು. ಎದುರಿಗೆ ನಿಂತಿದ್ದವಳು ಎರಡನೇ ಕ್ಲಾಸಿನ ಚೈತ್ರ. ಅವರು ಹಿಡಿದ ಕಾರ್ಡಿನಲ್ಲಿ ಚಿತ್ರವಿರಲಿಲ್ಲ, ‘ಮನೆ’ ಎಂಬ ಎರಡಕ್ಷರ ಮಾತ್ರ ಇತ್ತು. ಅದನ್ನು ನೋಡಿ ಅವಳು ‘ಇಲ್ಲು’ ಅಂದಿದ್ದಳು.

ಮುರುಗಮಲ್ಲದ ಆಚೆಗಿರುವ ನಮ್ಮ ಕಾಲೋನಿಯಲ್ಲಿ ಆಡುವುದು ತೆಲುಗು. ಮನೆಗೆ ನಾವು ‘ಇಲ್ಲು’ ಅಂತಲೇ ಅನ್ನುತ್ತೇವೆ. ಹುಡುಗಿ ಓದಿದ್ದಳು, ಓದಿ ಅರ್ಥವನ್ನೂ ಹೇಳಿದ್ದಳು. ಅಕ್ಷರ ಬಾರದಿದ್ದರೆ ಆ ಮಾತು ಎಲ್ಲಿಂದ ಬರಬೇಕು? ಬೆಂಗಳೂರಿನ ಮಹಾಶಯರಿಗೆ ಅದು ‘ಇಲ್ಲ’ ಎಂದು ಕೇಳಿಸಿತು, ಹೋಗಲಿ. ನಕ್ಕ ಮೇಷ್ಟ್ರುಗಳಲ್ಲಿ ಅರ್ಧ ಜನ ಮನೆಯಲ್ಲಿ ತೆಲುಗು ಆಡುವವರೇ. ಅವರಿಗೂ ತಿಳಿಯಲಿಲ್ಲ ಎಂದರೆ ನಾನು ನಂಬುವುದಿಲ್ಲ.

ನಾನು ತನುಜ, ಅದೇ ಕಾಲೋನಿಯವಳು, ಈ ಶಾಲೆಯ ಅತಿಥಿ ಶಿಕ್ಷಕಿ. ಇಡೀ ಶಾಲೆಯ ಓದು ಸುಧಾರಿಸಲು ಎಲ್ಲ ಶಿಕ್ಷಕರಿಗೂ ತರಬೇತಿ ಎಂದಿದ್ದರು. ಗೋಡೆಗೆ ‘ಪ್ರತಿ ಮಗುವೂ ಓದಬಲ್ಲದು’ ಎಂಬ ಬ್ಯಾನರ್ ಬೇರೆ. ಆದರೆ ಕುರ್ಚಿ ಪರ್ಮನೆಂಟ್‌ನವರಿಗಷ್ಟೇ ಎಂದು ಹೆಡ್‌ಮಿಸ್ ಶ್ಯಾಮಲಮ್ಮ ಹೇಳಿಬಿಟ್ಟರು. ನನ್ನ ಕೆಲಸ ಬಾಗಿಲಲ್ಲಿ ನಿಂತು ಒಂದೊಂದೇ ಮಗುವನ್ನು ಒಳಗೆ ಕಳಿಸುವುದು. ಅವರಿಗೆಲ್ಲ ಸ್ಟೀಲ್ ಲೋಟದಲ್ಲಿ ಟೀ ಬಂತು. ನನ್ನದು ಪೇಪರ್ ಕಪ್, ಕಿಟಕಿ ಕಟ್ಟೆಯ ಮೇಲೆ. ಅದು ಇವತ್ತಿನ ಏರ್ಪಾಡೇನೂ ಅಲ್ಲ.

ಕಾರ್ಡು ಓದಿದ ಮಕ್ಕಳು ಮುಂದೆ, ಓದದವರು ಬಾಗಿಲ ಪಕ್ಕ, ಚಪ್ಪಲಿ ಬಿಡುವಲ್ಲಿ. ಇದು ಹೊಸ ವಿಧಾನವಂತೆ. ನಾನು ಓದುವಾಗಲೂ ಆ ಸಾಲಿತ್ತು, ಅಲ್ಲೇ ಕೂತು ಬೆಳೆದವಳು ನಾನು. ಅಲ್ಲಿ ಕೂತವರಿಗೆ ಇಡೀ ವರ್ಷ ಅಆಇಈ ತಿದ್ದುವುದೇ ಗತಿ, ಕಥೆ ಪುಸ್ತಕ ಕೈಗೆ ಬರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾಲೋನಿಯ ಮಕ್ಕಳೆಲ್ಲ ಅಲ್ಲಿಗೇ ಬಂದು ಸೇರಿದ್ದರು. ಈಗ ಅಲ್ಲಿಗೆ ಹೋಗುವ ಸರದಿ ಚೈತ್ರಳದು.

ನಾನು ಒಳಗೆ ಹೋಗಿ, ಇಲ್ಲು ಅಂದರೆ ಮನೆಯೇ, ಅವಳು ಓದಿದ್ದಾಳೆ ಎಂದೆ. ಶಶಿಶೇಖರ್ ನಯವಾಗಿ ನಕ್ಕು, ಕಾರ್ಡಿನಲ್ಲಿ ಇರುವುದನ್ನೇ ಹೇಳಬೇಕು, ಇಲ್ಲದಿದ್ದರೆ ತಪ್ಪು ಎಂದರು.

“ಬಾಯ್ಮುಚ್ಚೇ ಮುಂಡೆ,” ಎಂದರು ಶ್ಯಾಮಲಮ್ಮ. “ಕಾಲೋನಿ ಭಾಷೆ ಆಡ್ಸಿ ಆಡ್ಸಿ ಮಕ್ಕಳ ನಾಲ್ಗೆ ಕೆಡ್ಸಿರೋಳೇ ನೀನು. ಮುಂದಿನ್ ವರ್ಷದ ನಿನ್ ಕೆಲ್ಸಕ್ಕೆ ಸೈನ್ ಹಾಕೋಳು ನಾನು ಕಣೇ, ಗ್ಯಾಪಕ ಇರ್ಲಿ.”

ಬೆಳಿಗ್ಗೆ ತಮ್ಮ ದ್ರಾಕ್ಷಿ ತೋಟದ ಆಳಿಗೆ ಫೋನಿನಲ್ಲಿ ‘ಲಂಜಾ ಕೊಡಕಾ’ ಎಂದು ಬೈದ ನಾಲಿಗೆ ಅದು. ಆಗ ತೆಲುಗು ಯಾವ ಕಾಲೋನಿಯದಾಗಿತ್ತೋ.

ಚೈತ್ರ ನನ್ನ ಸೀರೆ ಹಿಡಿದುಕೊಂಡಳು. “ನೇನು ಸದಿವಿನಾ ಕದ ಮಿಸ್ಸು.” ನಾನು ಓದಿದೆನಲ್ಲ ಎಂದು ಕೇಳುತ್ತಿದ್ದಳು.

ಶಶಿಶೇಖರ್ ಬ್ಯಾನರ್ ತೋರಿಸಿ, ಸರಿಯಾಗಿ ಓದುವುದು ಹೇಗೆಂದು ಮಗುವಿಗೆ ನೀವೇ ಓದಿ ತೋರಿಸಿ ಎಂದರು. ನಾನು ಗಟ್ಟಿಯಾಗಿ, ನಮ್ಮ ತೆಲುಗಿನಲ್ಲೇ ಓದಿದೆ.

“ಪ್ರತಿ ಬಿಡ್ಡಾ ಚದವಗಲದು.”

ಈ ಸಲ ಯಾರೂ ನಗಲಿಲ್ಲ.

“ತಪ್ಪಾಯ್ತಲ್ಲ ಸಾ,” ಎಂದೆ. “ನಂಗೂ ಓದಕ್ಕೆ ಬರಲ್ಲ ಅಂತ ಬರ್ಕಳಿ.”

ಚೈತ್ರಳ ಕೈ ಹಿಡಿದು ಬಾಗಿಲ ಸಾಲಿಗೆ ನಡೆದೆ. ಅಲ್ಲಿ ಜಾಗವಿರಲಿಲ್ಲ. ಶ್ಯಾಮಲಮ್ಮನವರ ಚಪ್ಪಲಿಯನ್ನು ಕಾಲಿನಿಂದ ಅಂಗಳಕ್ಕೆ ತಳ್ಳಿ ಕೂತೆ. ಇನ್ನು ಸೈನ್ ಗೀನ್ ಮರೆತುಬಿಡು ಎಂದು ಅವರು ಕೂಗಾಡುತ್ತಲೇ ಇದ್ದರು. ಮಕ್ಕಳು ಒತ್ತೊತ್ತಾಗಿ ಸರಿದು ನನಗೆ ಅಂಟಿಕೊಂಡರು.

ಶಶಿಶೇಖರ್ ಗಂಟಲು ಸರಿಮಾಡಿಕೊಂಡು ಮುಂದಿನ ಸಾಲಿನ ಮಕ್ಕಳಿಗೆ ಇನ್ನೊಂದು ಕಾರ್ಡು ಎತ್ತಿದರು. ‘ನೀರು’ ಎಂದಿತ್ತು. ಆ ಮಕ್ಕಳು ಬಾಯಿ ತೆರೆಯುವ ಮೊದಲೇ ಚೈತ್ರ ಹೇಳಿದಳು, ಅವಳ ಹಿಂದೆಯೇ ಚಪ್ಪಲಿಗಳ ನಡುವಿನಿಂದ ಓದಲು ಬಾರದವರೆಲ್ಲ ಒಂದೇ ದನಿಯಲ್ಲಿ ಹೇಳಿದರು.

“ನೀಳ್ಳು.”