ಅತ್ತಿಗೆಯ ನಂಬರು

ಹೊಸ ಕಾನೂನು ಒಳ್ಳೆಯದೇ ಎಂದು ಹೊಲಿಗೆ ಅಂಗಡಿಯ ಅಕ್ಕ ಯಾರ ಮುಂದೆ ಬೇಕಾದರೂ ಒಪ್ಪಿಕೊಳ್ಳುತ್ತಿದ್ದಳು. ಒಪ್ಪಿಕೊಂಡ ಮೇಲೆ ಒಂದು ನಿಟ್ಟುಸಿರು ಬಿಡುತ್ತಿದ್ದಳು, ಅಷ್ಟೇ. ಗಂಟೆಗೆ ಇಷ್ಟು ಎಂದು ಸಂಬಳ, ನಡುವೆ ಕಡ್ಡಾಯದ ಬಿಡುವು, ಜ್ವರ ಬಂದರೆ ಸಂಬಳ ಸಹಿತ ರಜೆ. ಇದರಲ್ಲಿ ಬೇಡ ಅನ್ನುವಂಥದ್ದು ಏನಿದೆ? ಅವಳೂ ಒಂದು ಕಾಲದಲ್ಲಿ ಬೇರೆಯವರ ಮಿಷನ್ನಿನ ಮುಂದೆ ಬೆನ್ನು ಬಗ್ಗಿಸಿ ಕೂತವಳೇ. ಆದರೆ ಈ ಒಳ್ಳೆಯದು ಅನ್ನುವುದಿದೆಯಲ್ಲ, ಅದು ಬಂದು ಸುಮ್ಮನೆ ಮೂಲೆಯಲ್ಲಿ ಕೂರುವ ಪೈಕಿ ಅಲ್ಲ. ಇದ್ದದ್ದನ್ನೆಲ್ಲ ಸರಿಸಿ ಜಾಗ ಮಾಡಿಕೊಡಿ ಎನ್ನುತ್ತದೆ. ಆ ಸರಿಸುವ ಕೆಲಸ ಅಕ್ಕನ ಪಾಲಿಗೆ ಬಂದಿತ್ತು, ಮತ್ತು ಅವಳಿಗೆ ಸಾಕುಸಾಕಾಗಿತ್ತು.

ಅಂಗಡಿ ಎಂದರೆ ಹಳೆಯ ಕಟ್ಟಡವೊಂದರ ನೆಲಮಹಡಿಯ ಉದ್ದನೆಯ ಕೋಣೆ. ಎರಡು ಸಾಲು ಮಿಷನ್ನು, ಕೊನೆಯಲ್ಲಿ ಕಿಟಕಿಯ ಕೆಳಗೆ ಮಂಚದಷ್ಟು ಅಗಲದ ಒಂದು ಮೇಜು. ಹೊಲಿಯುತ್ತಿದ್ದದ್ದು ಆಸ್ಪತ್ರೆಗೆ, ರೋಗಿಗಳು ತೊಡುವ, ಬೆನ್ನ ಹಿಂದೆ ಲಾಡಿ ಕಟ್ಟುವ ತಿಳಿನೀಲಿ ಅಂಗಿಗಳನ್ನು. ಅಂಗಡಿ ಶುರುಮಾಡಿದವನು ಅಕ್ಕನ ಅಣ್ಣ. ಅವನ ಕಾಲದಿಂದ ನಡೆದುಬಂದ ಪದ್ಧತಿಯೊಂದಿತ್ತು. ಯಾರು ಹೊಲಿದದ್ದಾದರೂ ಆ ಒಂದೇ ಮೇಜಿನ ಮೇಲೆ ಬೀಳಬೇಕು. ವಾರದ ಕೊನೆಗೆ ಆ ರಾಶಿಗೆ ಬಂದ ಕೂಲಿಯನ್ನು ಎಲ್ಲರಿಗೂ ಸಮನಾಗಿ ಹಂಚಬೇಕು. ಒಬ್ಬಳಿಗೆ ತಲೆನೋವು, ಇನ್ನೊಬ್ಬಳಿಗೆ ಗಂಡನ ಜೊತೆ ಜಗಳ, ಮತ್ತೊಬ್ಬಳ ಮಗುವಿಗೆ ಹಲ್ಲು ಬರುವ ಕಾಟ, ಎಲ್ಲವೂ ಆ ರಾಶಿಯ ಹೊಟ್ಟೆಗೆ ಹೋಗುತ್ತಿತ್ತು. ಯಾರದು ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೂ ಹೇಳಬಲ್ಲವರು ಇರಲಿಲ್ಲ.

ಅಣ್ಣ ತೀರಿಕೊಂಡಾಗ ಅಂಗಡಿ ನ್ಯಾಯವಾಗಿ ಅತ್ತಿಗೆಗೆ ಸೇರಬೇಕಿತ್ತು. ಕೆಲವು ತಿಂಗಳ ಮೇಲೆ ಚೇತರಿಸಿಕೊಂಡ ಅತ್ತಿಗೆ ಬೀಗದ ಕೈ ಗೊಂಚಲನ್ನು ತಂದು ನಾದಿನಿಯ ಮಡಿಲಿಗೆ ಹಾಕಿ, "ನನಗೆ ಜನರ ಹತ್ರ ವ್ಯವಹಾರ ಮಾಡೋಕೆ ಬರಲ್ಲ ಕಣೇ. ನೀನೇ ನೋಡ್ಕೋ. ನನಗೊಂದು ಮಿಷನ್ ಇದ್ರೆ ಸಾಕು," ಎಂದುಬಿಟ್ಟಳು. ಅಂದಿನಿಂದ ಇಬ್ಬರೂ ಒಂದೇ ಮನೆಯಲ್ಲಿ ಉಂಡು, ಒಟ್ಟಿಗೇ ಅಂಗಡಿಗೆ ನಡೆದು ಬರುತ್ತಿದ್ದರು. ಒಬ್ಬಳು ಒಡತಿ, ಒಬ್ಬಳು ಕೆಲಸದವಳು ಎಂಬುದು ಇಬ್ಬರಿಗೂ ನೆನಪಿರುತ್ತಿರಲಿಲ್ಲ. ಕಾನೂನು ನೆನಪು ಮಾಡಿಕೊಟ್ಟಿತು.

"ಈ ರಾಶಿ ಹಾಕೋದು, ಸಮಪಾಲು ಮಾಡೋದು, ಇವೆಲ್ಲ ಇನ್ಮೇಲೆ ನಡೆಯಲ್ಲ ಅಕ್ಕಾ," ಎಂದ ಲೆಕ್ಕದವನು. ಅಂಗಡಿಯ ತೆರಿಗೆಯ ಕಾಗದಪತ್ರ ನೋಡಿಕೊಳ್ಳುತ್ತಿದ್ದ, ವರ್ಷವಿಡೀ ನೆಗಡಿಯಿರುವ ಮನುಷ್ಯ ಅವನು. "ಒಬ್ಬರ ದುಡಿಮೆ ಇನ್ನೊಬ್ಬರ ಹೆಸರಿಗೆ ಹೋಗಬಾರದು ಅಂತ ಕಾನೂನು. ಪ್ರತಿ ಅಂಗಿಗೂ ಹೊಲಿದೋರ ನಂಬರಿನ ಚೀಟಿ ಹಾಕಿಸಿ. ಬಂದ ಹೊತ್ತು, ಹೋದ ಹೊತ್ತು ಗೊತ್ತಾಗೋಕೆ ಬಾಗಿಲ ಹತ್ರ ಹೆಬ್ಬೆಟ್ಟು ಒತ್ತೋ ಮಿಷನ್ ಇಡಿ. ಇಲ್ಲಾಂದ್ರೆ ಆಸ್ಪತ್ರೆಯವರು ನಿಮ್ಮ ಹತ್ರ ಮಾಲು ತಗೊಳ್ಳೋದೇ ಇಲ್ಲ."

ಆಸ್ಪತ್ರೆ ಕೈಬಿಟ್ಟರೆ ಅಂಗಡಿಗೆ ಬೀಗವೇ. ಅಕ್ಕ ಹೆಬ್ಬೆಟ್ಟಿನ ಮಿಷನ್ನು ಹಾಕಿಸಿದಳು, ಎಲ್ಲರಿಗೂ ನಂಬರು ಕೊಟ್ಟಳು, ಎಲ್ಲರ ಮಿಷನ್ನಿನ ಪಕ್ಕ ಒಂದೊಂದು ಬುಟ್ಟಿ ಇಟ್ಟಳು. ಕಿಟಕಿ ಬದಿಯ ಅತ್ತಿಗೆಗೆ ಬಂದದ್ದು ಎಂಟನೇ ನಂಬರು. ಮೊದಲ ದಿನ ಸಂಜೆಗೆ ಉಳಿದವರ ಬುಟ್ಟಿ ತುಂಬಿ ಚೆಲ್ಲುತ್ತಿತ್ತು, ಅತ್ತಿಗೆಯದರಲ್ಲಿ ತಳ ಕಾಣುತ್ತಿತ್ತು. ಅತ್ತಿಗೆಯ ಕಣ್ಣು ಮಂಜಾಗಿದೆ, ಇನ್ನು ಏನೂ ಮಾಡುವಂತಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದಾರೆ ಎಂಬುದೆಲ್ಲ ಅಕ್ಕನಿಗೆ ಗೊತ್ತಿತ್ತು. ಇಷ್ಟರ ಮಟ್ಟಿಗೆ ಎಂದು ಗೊತ್ತಿರಲಿಲ್ಲ. ಅತ್ತಿಗೆ ಬೆರಳಿನಿಂದ ತಡವಿ ಬಟ್ಟೆಯ ಅಂಚು ಹುಡುಕಿ, ತಡವಿ ಸೂಜಿಗೆ ದಾರ ಏರಿಸಿ, ಒಂದು ಅಂಗಿ ಮುಗಿಸುವಷ್ಟರಲ್ಲಿ ಪಕ್ಕದವಳು ಮೂರು ಮುಗಿಸಿ ನೀರು ಕುಡಿದು ಬಂದಿರುತ್ತಿದ್ದಳು. ಎಷ್ಟೋ ವರ್ಷ ಆ ಅಗಲದ ಮೇಜು ಇದನ್ನೆಲ್ಲ ಮುಚ್ಚಿಟ್ಟುಕೊಂಡಿತ್ತು.

ಬಾಯಿಬಿಟ್ಟವಳು ಪಟಾಕಿ. ಕೈ ಬಾಯಿ ಎರಡೂ ಒಂದೇ ವೇಗದಲ್ಲಿ ಓಡುವುದರಿಂದ ಅಂಗಡಿಯವರೆಲ್ಲ ಸೇರಿ ಇಟ್ಟ ಹೆಸರು ಅದು.

"ಅಕ್ಕಾ, ನಾನು ದೊಡ್ಡಮ್ಮನ ಮೇಲೆ ದೂರು ಹೇಳ್ತಿಲ್ಲ," ಎಂದಳು, ಅತ್ತಿಗೆ ಹೊರಗೆ ಹೋದಾಗ. "ಆದ್ರೆ ಸಂಬಳ ಎಲ್ರಿಗೂ ಒಂದೇ. ಬುಟ್ಟಿ ನೋಡಿ. ಮುಂಚೆ ಕಾಣ್ತಿರ್ಲಿಲ್ಲ, ಸುಮ್ನಿದ್ವಿ. ಈಗ ಕಣ್ಣಿಗೆ ಕಾಣುತ್ತಲ್ಲಾ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ತಪ್ಪಿದ್ದಿದ್ದರೆ ಅಕ್ಕ ನಾಲ್ಕು ಮಾತು ಬೈದು ಹಗುರಾಗುತ್ತಿದ್ದಳು. ಲೆಕ್ಕದವನೂ ಮೂಗೊರೆಸಿಕೊಳ್ಳುತ್ತ ಅದನ್ನೇ ಹೇಳಿದ. "ಆಸ್ಪತ್ರೆ ಕೊಡೋ ರೇಟಿಗೆ ಎಂಟನೇ ನಂಬರಿನ ಸಂಬಳ ಗಿಟ್ಟಲ್ಲ. ಅವರನ್ನ ಬಿಡಿಸಿ, ಮನೇಲಿ ಕೂರಿಸಿ ಚೆನ್ನಾಗಿ ನೋಡ್ಕೊಳ್ಳಿ. ಯಾರು ಬೇಡ ಅಂತಾರೆ?"

ಅತ್ತಿಗೆಯನ್ನು ಮನೆಯಲ್ಲಿ ಕೂರಿಸುವುದೆಂದರೆ ಏನು ಎಂದು ಲೆಕ್ಕದವನಿಗೇನು ಗೊತ್ತು! ಅಣ್ಣ ಹೋದ ಹೊಸದರಲ್ಲಿ ಅತ್ತಿಗೆ ಗೋಡೆಗೆ ಮುಖ ಮಾಡಿ ಮಲಗಿದವಳು ಎದ್ದಿರಲಿಲ್ಲ. ಕರೆದರೆ ಹೂಂ, ಇಟ್ಟರೆ ಒಂದು ತುತ್ತು. ಇವಳೂ ಅಣ್ಣನ ಹಿಂದೆಯೇ ಹೊರಟಳು ಎಂದು ಅಕ್ಕ ಒಳಗೊಳಗೇ ನಡುಗಿದ್ದಳು. ಕೊನೆಗೆ ಕೈಹಿಡಿದು ಎಳೆದು ತಂದು ಕಿಟಕಿ ಬದಿಯ ಮಿಷನ್ನಿಗೆ ಕೂರಿಸಿದ ಮೇಲೆಯೇ ಅವಳ ಬಾಯಲ್ಲಿ ಮಾತು ಹುಟ್ಟಿದ್ದು. ಆ ಮಿಷನ್ನಿನಿಂದ ಅವಳನ್ನು ತಾನೇ ಎಬ್ಬಿಸಬೇಕೆ? ಅದು ತನ್ನಿಂದಾಗದ ಕೆಲಸ ಎಂದು ಅಕ್ಕನಿಗೆ ಖಾತ್ರಿಯಿತ್ತು.

ಹಾಗಾಗಿ ಅವಳು ಒಂದು ಉಪಾಯ ಮಾಡಿದಳು. ಉಪಾಯ ಎಂದರೆ ದೊಡ್ಡ ಮಾತಾಯಿತು, ದಡ್ಡತನ ಎನ್ನಿ. "ಡಾಕ್ಟರು ಬೆಳಿಗ್ಗೆ ವಾಕಿಂಗ್ ಹೋಗೋಕೆ ಹೇಳಿದಾರೆ," ಎಂದು ಮನೆಯಲ್ಲಿ ಹೇಳಿ, ಬೆಳಕು ಹರಿಯುವ ಮುಂಚೆ ಹೊರಟು ನೇರವಾಗಿ ಅಂಗಡಿಗೆ ಬರುವಳು. ಒಳಗಿನಿಂದ ಚಿಲಕ ಹಾಕಿ, ಅತ್ತಿಗೆಯ ಮಿಷನ್ನಿನ ಮುಂದೆಯೇ ಕೂತು, ಕತ್ತರಿಸಿಟ್ಟ ಅಂಗಿಗಳನ್ನು ಹೊಲಿಯುವಳು. ಎಲ್ಲಕ್ಕೂ ಎಂಟರ ಚೀಟಿ ಹಾಕಿ ಅತ್ತಿಗೆಯ ಬುಟ್ಟಿಯ ತಳದಲ್ಲಿಟ್ಟು, ಮೇಲೊಂದು ಬಟ್ಟೆ ಮುಚ್ಚಿ, ಮನೆಗೆ ಓಡಿ, ವಾಕಿಂಗಿನಿಂದ ಬಂದವಳ ಹಾಗೆ ಏದುಸಿರು ಬಿಡುವಳು. ಆ ಏದುಸಿರಿನಲ್ಲಿ ಮಾತ್ರ ನಾಟಕವಿರಲಿಲ್ಲ.

ಕೆಲವು ತಿಂಗಳು ಎಲ್ಲ ಸಲೀಸಾಗಿ ನಡೆಯಿತು. ಪಟಾಕಿಯ ಬಾಯಿ ಬೇರೆ ವಿಷಯಕ್ಕೆ ತಿರುಗಿತು. ಲೆಕ್ಕದವನು, "ನೋಡಿದ್ರಾ, ನಂಬರು ಹಾಕಿದ್ಮೇಲೆ ಚುರುಕಾಗಿದಾರೆ," ಎಂದು ಕಾನೂನಿಗೆ ಶಭಾಷ್ ಕೊಟ್ಟ. ಅಕ್ಕನ ಸೊಂಟ ಮಾತ್ರ ಹಿಡಿದುಕೊಂಡಿತು. ಮಧ್ಯಾಹ್ನದ ಹೊತ್ತು ಆಸ್ಪತ್ರೆಯವರ ಜೊತೆ ಫೋನಿನಲ್ಲಿ ಮಾತಾಡುತ್ತಲೇ ಕಣ್ಣು ಎಳೆಯುತ್ತಿತ್ತು. ಒಮ್ಮೆ ತೂಕಡಿಸಿ ಸೂಜಿಯನ್ನು ಬೆರಳಿಗೇ ಇಳಿಸಿಕೊಂಡಳು. ಎಷ್ಟು ದಿನ ಹೀಗೆ ಎಂದು ತನ್ನನ್ನೇ ಕೇಳಿಕೊಳ್ಳುವಷ್ಟು ತ್ರಾಣವೂ ಉಳಿದಿರಲಿಲ್ಲ.

ಆದರೆ ಮಹಡಿಯ ಮೇಲೊಬ್ಬ ಮೇಷ್ಟ್ರಿದ್ದರು. ನಿವೃತ್ತರು, ನಿದ್ದೆ ತೆಳು, ಮನಸ್ಸು ಒಳ್ಳೆಯದು. ಈ ಮೂರೂ ಒಬ್ಬರಲ್ಲೇ ಸೇರಿದರೆ ನೆರೆಹೊರೆಗೆ ಕಷ್ಟ. ಬೆಳಗಿನ ಜಾವ ಕೆಳಗೆ ಮಿಷನ್ನು ಕಟಕಟ ಎನ್ನುವುದನ್ನು ಕೇಳಿ, ಯಾವಳೋ ಬಡಪಾಯಿಯನ್ನು ಹೊತ್ತಲ್ಲದ ಹೊತ್ತಿನಲ್ಲಿ ದುಡಿಸುತ್ತಿದ್ದಾರೆ ಎಂದು ಅವರು ಸಂಕಟಪಟ್ಟರು. ಕಾನೂನಿನ ಪ್ರಕಾರ ಅಕ್ಕನೇ ಅಂಗಡಿಯ ಬಾಗಿಲಿಗೆ ಅಂಟಿಸಿದ್ದ ದೂರಿನ ಫೋನ್ ನಂಬರಿಗೆ ಕರೆ ಮಾಡಿ ಹೇಳಿಯೇಬಿಟ್ಟರು.

ತಪಾಸಣೆಗೆ ಬಂದವಳು ಚಿಕ್ಕ ವಯಸ್ಸಿನ ಹೆಂಗಸು. ಅಂಗಡಿ ತೆರೆದ ಹೊತ್ತಿಗೇ ಬಂದಿದ್ದರೂ, ವಾರವಿಡೀ ಎಷ್ಟು ಅಂಗಡಿ ಸುತ್ತಿದ್ದಳೋ, ಕೂತ ತಕ್ಷಣ ಚಪ್ಪಲಿಯಿಂದ ಕಾಲು ಹೊರತೆಗೆದಳು. ಹೆಬ್ಬೆಟ್ಟಿನ ಮಿಷನ್ನು ನೋಡಿದಳು. ಬುಟ್ಟಿಗಳನ್ನು ನೋಡಿದಳು. ಅತ್ತಿಗೆ ದಾರ ಏರಿಸುವುದನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ ಎಲ್ಲ ಮಿಷನ್ನುಗಳನ್ನು ನಿಲ್ಲಿಸಲು ಹೇಳಿದಳು.

"ಹೆಬ್ಬೆಟ್ಟಿನ ಮಿಷನ್ನಲ್ಲಿ ಬೇಗ ಬಂದೋರು ಯಾರೂ ಇಲ್ಲ. ಆದ್ರೆ ಬಾಗಿಲು ತೆಗೆಯೋಕೆ ಮುಂಚೆ ಇಲ್ಲಿ ಹೊಲಿಗೆ ನಡೆಯುತ್ತೆ ಅಂತ ದೂರು ಬಂದಿದೆ. ಈ ಎಂಟನೇ ನಂಬರಿನ ಬುಟ್ಟಿ ಬೆಳಿಗ್ಗೆ ಬೆಳಿಗ್ಗೇನೇ ಅರ್ಧ ತುಂಬಿದೆ. ಇದನ್ನ ಯಾರು ಹೊಲಿದಿದ್ದು?"

ಅಕ್ಕ ಮನಸ್ಸಿನಲ್ಲೇ ತೂಗಿ ನೋಡಿದಳು. ನಾನು ಹೊಲಿದದ್ದು ಎಂದರೆ ಅಂಗಡಿ ಉಳಿದೀತು. ಒಡತಿ ಯಾವ ಹೊತ್ತಿನಲ್ಲಾದರೂ ಹೊಲಿಯಬಹುದು. ಆದರೆ ಅತ್ತಿಗೆಗೆ ಹೊಲಿಯಲು ಆಗುತ್ತಿಲ್ಲ, ಇಷ್ಟು ದಿನ ಅವಳ ಹೆಸರಿನಲ್ಲಿ ಎಣಿಸಿದ್ದು ಅವಳದ್ದಲ್ಲ ಎಂದು ಈ ಹುಡುಗಿಯರೆಲ್ಲರ ಎದುರು ಅವಳ ಮುಖಕ್ಕೇ ಹೇಳಿದಂತೆ. ಅತ್ತಿಗೆ ಹೊಲಿದದ್ದು ಎಂದರೆ ಅವಳ ಮಾನ ಉಳಿಯುತ್ತದೆ, ವಯಸ್ಸಾದವಳನ್ನು ಸಂಬಳವಿಲ್ಲದೆ ಜಾವಕ್ಕೆ ದುಡಿಸಿದ ಅಂಗಡಿ ಎಂದು ಆಸ್ಪತ್ರೆ ಬಾಗಿಲು ಮುಚ್ಚುತ್ತದೆ. ಅಕ್ಕ ಕಿಟಕಿಯತ್ತ ನೋಡಿದಳು. ಅತ್ತಿಗೆ ಮಂಜುಗಣ್ಣನ್ನು ಇತ್ತಲೇ ನೆಟ್ಟಿದ್ದಳು.

"ಅತ್ತಿಗೆಯವರೇ ಹೊಲಿದಿದ್ದು," ಎಂದುಬಿಟ್ಟಳು ಅಕ್ಕ. "ಬೇಗ ಬರೋಕೆ ನಾನೇ ಹೇಳಿದ್ದೆ. ತಪ್ಪು ನಂದೇ."

ತಪಾಸಣೆಯವಳು ಪೆನ್ನು ತೆಗೆದಳು.

"ಸುಳ್ಳು," ಎಂದಳು ಅತ್ತಿಗೆ. ಮಿಷನ್ನಿನ ಅಂಚು ಹಿಡಿದು ಎದ್ದು ನಿಂತಳು. "ಬರೀಬೇಡಮ್ಮಾ, ಸುಳ್ಳು ಹೇಳ್ತಿದಾಳೆ. ನನ್ನ ಕಣ್ಣು ಹೋಗಿ ಎಷ್ಟೋ ಕಾಲವಾಯ್ತು. ಬೆಳಿಗ್ಗೆ ಬಂದು ಹೊಲಿಯೋಳು ಇವಳೇ. ನನ್ನ ನಂಬರು ಹಾಕಿ ನನ್ನ ಬುಟ್ಟೀಲಿಡ್ತಾಳೆ."

"ಅತ್ತಿಗೆ, ನಿಮಗೆ ಹೇಗೆ..."

"ವಾಕಿಂಗ್ ಹೋಗಿ ಬಂದೋಳ ತೋಳಿಗೆಲ್ಲ ದಾರದ ಚೂರು ಯಾಕೇ ಅಂಟಿರುತ್ತೆ? ಕಣ್ಣಿಲ್ಲದಿದ್ರೆ ಕೈಗೆ ಗೊತ್ತಾಗಲ್ವಾ?" ಅತ್ತಿಗೆಯ ದನಿ ಕುಗ್ಗಿತು. "ಗೊತ್ತಿತ್ತು ಕಣೇ. ಗೊತ್ತಿದ್ದೂ ಸುಮ್ನಿದ್ದೆ. ಹೇಳಿದ್ರೆ ಇಲ್ಲಿಂದ ಏಳಬೇಕಾಗುತ್ತಲ್ಲ ಅಂತ."

ಪಟಾಕಿ ತಲೆ ತಗ್ಗಿಸಿ ಕೂತಿದ್ದಳು. ತಪಾಸಣೆಯವಳು ಕಾಲಿಗೆ ಚಪ್ಪಲಿ ಏರಿಸಿಕೊಂಡಳು.

"ಒಬ್ಬರು ಹೊಲಿದಿದ್ದಕ್ಕೆ ಇನ್ನೊಬ್ಬರ ನಂಬರು ಹಾಕೋದು ತಪ್ಪೇ. ಈ ಸಲ ಎಚ್ಚರಿಕೆ ಅಂತ ಬರೀತೀನಿ," ಎಂದಳು. "ಇನ್ಮೇಲೆ ಹೆಸರಿಲ್ಲದೆ, ಸಂಬಳ ಇಲ್ಲದೆ ಯಾರೂ ಇಲ್ಲಿ ಬಟ್ಟೆ ಮುಟ್ಟೋ ಹಾಗಿಲ್ಲ. ಇನ್ನೊಂದು ದೂರು ಬಂದ್ರೆ ನನ್ನ ಕೈಲೂ ಏನೂ ಇರಲ್ಲ ಅಕ್ಕಾ."

ಸಂಜೆ ಮನೆಗೆ ನಡೆದು ಹೋಗುವಾಗ ಅತ್ತಿಗೆ, "ನನ್ನ ಹೆಸರು ತೆಗೆದುಹಾಕು," ಎಂದಳು. ಅಕ್ಕ ಅವಳ ಕೈ ಹಿಡಿದು ರಸ್ತೆಯ ಗುಂಡಿ ದಾಟಿಸಿದಳು. "ಕೇಳಿಸ್ತಾ? ಆ ಹುಡುಗಿಯರೆಲ್ಲ ಮನೆ ನಡೆಸಬೇಕು. ನಿನ್ನ ಬೆನ್ನು ನೋಡ್ಕೊಂಡಿದೀಯಾ, ನನಗಿಂತ ಮುದುಕಿ ಥರ ಬಗ್ಗಿದೆ. ಸಾಕು ಬಿಡು." ಅಕ್ಕ ಬೇಡ ಎಂದು ಹಟ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ನಾಳೆ ಬೆಳಕು ಹರಿಯುವ ತನಕ ಮಲಗಬಹುದು ಎಂಬ ಯೋಚನೆ ಎಲ್ಲಕ್ಕಿಂತ ಮೊದಲು ಬಂದುಬಿಟ್ಟಿತ್ತು. ಅದು ಬಂದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು, ಆದರೂ ಆ ರಾತ್ರಿ ಸತ್ತವಳ ಹಾಗೆ ನಿದ್ದೆ ಮಾಡಿದಳು.

ಅತ್ತಿಗೆ ಕೆಲವು ದಿನ ಮನೆಯಲ್ಲೇ ಉಳಿದಳು. ಇಟ್ಟ ಊಟ ಹಾಗೇ ಇರುತ್ತಿತ್ತು. ಆಮೇಲೊಂದು ಬೆಳಿಗ್ಗೆ ತಾನೂ ಚಪ್ಪಲಿ ಮೆಟ್ಟಿ, "ನಾನೂ ಬರ್ತೀನಿ. ಸುಮ್ನೆ ಕೂತಿರ್ತೀನಿ. ಕೂರೋಕೂ ಕಾನೂನು ಇದೆಯಾ?" ಎಂದಳು. ಅಂಗಡಿಯಲ್ಲಿ ಎಲ್ಲರಿಗೂ ಹಬ್ಬದಷ್ಟು ಖುಷಿ. ಪಟಾಕಿ ಓಡಿಹೋಗಿ ಕುರ್ಚಿ ತಂದು ಮೇಜಿನ ಪಕ್ಕ ಹಾಕಿ, "ದೊಡ್ಡಮ್ಮ ಈಗ ಮೇಲಧಿಕಾರಿ, ಹುಷಾರು," ಎಂದಳು. ಅತ್ತಿಗೆ ನಕ್ಕಳು. ಯಾರ ಮಗುವಿಗೆ ಎಷ್ಟು ಹಲ್ಲು ಬಂತು, ಯಾರ ಗಂಡ ಯಾಕೆ ಮುನಿಸಿಕೊಂಡಿದ್ದಾನೆ, ಎಲ್ಲ ವಿಚಾರಿಸಿದಳು. ಮಾತಾಡುತ್ತಾಡುತ್ತಲೇ ಅವಳ ಕೈ ಮೇಜಿನ ಮೇಲಿದ್ದ ಒಂದು ಅಂಗಿಯನ್ನು ಹುಡುಕಿಕೊಂಡಿತು. ಬೆರಳು ಲಾಡಿಯ ಬುಡಕ್ಕೆ ಹೋಗಿ ಉಳಿದ ದಾರದ ತುದಿಗಳನ್ನು ಒಂದೊಂದೇ ಹಿಡಿದು ಕಿತ್ತುಹಾಕತೊಡಗಿತು. ಅವಳಿಗದು ಗೊತ್ತೇ ಇರಲಿಲ್ಲ.

ಪಟಾಕಿಗೆ ಕಂಡಿತು. ಅವಳು ಅಕ್ಕನತ್ತ ನೋಡಿದಳು. ಒಂದೊಂದೇ ಮಿಷನ್ನು ನಿಧಾನವಾಯಿತು. ಮೇಲೆ ಮೇಷ್ಟ್ರ ಓಡಾಟ ಕೇಳುತ್ತಿತ್ತು. ಯಾರಾದರೂ ಹೇಳಲಿ ಎಂದು ಅಕ್ಕ ಕಾದಳು, ಹೇಳುವವರು ತನ್ನನ್ನು ಬಿಟ್ಟು ಬೇರೆ ಯಾರೂ ಇಲ್ಲ ಎಂದು ಗೊತ್ತಿದ್ದೂ ಕಾದಳು. ಆಮೇಲೆ ಎದ್ದು ಹತ್ತಿರ ಹೋದಳು.

"ಅತ್ತಿಗೆ, ಅದನ್ನ ಕೆಳಗಿಡಿ."

"ಯಾವುದನ್ನೇ?" ಅತ್ತಿಗೆ ತನ್ನ ಕೈಯನ್ನು ತಾನೇ ತಡವಿ ನೋಡಿಕೊಂಡಳು. "ಓ, ಇದಾ? ದಾರ ತೆಗೀತಿದ್ದೆ ಅಷ್ಟೇ. ಇದೂ ಕೆಲಸಾನಾ?"

"ಹೌದತ್ತಿಗೆ. ಇದೂ ಕೆಲಸಾನೇ."

ಅತ್ತಿಗೆ ಅಂಗಿಯನ್ನು ತೋಳಿಗೆ ತೋಳು ಕೂಡಿಸಿ ಮಡಿಸಿ, ಮೇಜಿನ ಮೇಲಿಟ್ಟು, ಎರಡೂ ಕೈ ಮಡಿಲಿಗೆ ತೆಗೆದುಕೊಂಡಳು.

"ಹಾಗಾದ್ರೆ ನಾಳೆಯಿಂದ ನಾನು ಬರಲ್ಲ ಬಿಡೇ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಸುಮ್ನಿದ್ರೂ ಈ ಕೈ ಸುಮ್ನಿರಲ್ಲ."

ಬನ್ನಿ ಎನ್ನುವ ಬದಲು ಅಕ್ಕ ಆ ಮಡಿಸಿದ ಅಂಗಿಯ ಚೀಟಿ ನೋಡಿ, ಆ ನಂಬರಿನ ಬುಟ್ಟಿಗೆ ಹಾಕಿದಳು.