ಒಪ್ಪಿಕೊಳ್ಳದ ಕೊಲೆಗಾರ

ದೇವಕಿ ಅಕ್ಕೋರು ಹಿಡಿದ ಕೆಲಸ ಮುಗಿಸುವವರಲ್ಲ. ಸಿದ್ದಾಪುರದ ಪೇಟೆಯಲ್ಲಿ ಯಾರನ್ನು ಕೇಳಿದರೂ ಹಾಗೇ ಹೇಳುತ್ತಿದ್ದರು, ಅದೂ ನಗುನಗುತ್ತ. ಹಾರ್ಮೋನಿಯಂ ಕಲಿಕೆ ನಾಲ್ಕು ರಾಗಕ್ಕೆ ನಿಂತಿತು, ಮಹಿಳಾ ಮಂಡಲದ ನಾಟಕ ಎರಡನೇ ಅಂಕಕ್ಕೆ ನಿಂತಿತು, ಕಪಾಟಿನಲ್ಲಿ ಅರ್ಧ ಹೆಣೆದ ಸ್ವೆಟರೊಂದು ಇಪ್ಪತ್ತು ವರ್ಷದಿಂದ ತೋಳಿಗಾಗಿ ಕಾಯುತ್ತಿತ್ತು. ಮೂವತ್ತೆರಡು ವರ್ಷ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತರಾದ ಅವರು ಸಿನಿಮಾ ಮಾಡುತ್ತೇನೆಂದಾಗ ಊರವರೇನೂ ಮೂಗಿನ ಮೇಲೆ ಬೆರಳಿಡಲಿಲ್ಲ. ಅಕ್ಕೋರ ಇನ್ನೊಂದು ಅರ್ಧ ಬಂತು ಎಂದರು, ಅಷ್ಟೆ. ಆ ಮಾತು ಅವರ ಕಿವಿಗೂ ಬಿತ್ತು. ನೋವಾಯಿತು. ಇದೊಂದನ್ನು ಮುಗಿಸದಿದ್ದರೆ ತಾನು ದೇವಕಿಯೇ ಅಲ್ಲ ಎಂದು ಅಂದೇ ಮನಸ್ಸು ಗಟ್ಟಿ ಮಾಡಿಕೊಂಡರು.

ಕತೆ ಅವರು ಹೈಸ್ಕೂಲಿನಲ್ಲಿದ್ದಾಗ ಓದಿದ್ದ ಹಳೆಯ ಪತ್ತೇದಾರಿ ಕಾದಂಬರಿಯದು. ಒಂದು ಬಂಗಲೆ, ಕಷಾಯದಲ್ಲಿ ವಿಷ, ಸತ್ತ ಯಜಮಾನ, ಸಂಶಯಕ್ಕೆ ಹನ್ನೊಂದು ಜನ. ಕೊನೆಯಲ್ಲಿ ಪತ್ತೇದಾರ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿ ಕೊಲೆಗಾರನತ್ತ ಬೆರಳು ತೋರುತ್ತಾನೆ. ಪುಸ್ತಕದ ಗಂಡು ಪತ್ತೇದಾರನನ್ನು ಅಕ್ಕೋರು ಹೆಣ್ಣು ಮಾಡಿ, ಪಾತ್ರವನ್ನು ತಮ್ಮ ಹಳೆಯ ವಿದ್ಯಾರ್ಥಿನಿ, ಹುಲಗೋಳದ ನರ್ಸ್ ಚೇತನಾಳಿಗೆ ಕೊಟ್ಟರು. ಕ್ಯಾಮೆರಾ ಯಲ್ಲಾಪುರದಲ್ಲಿ ಮದುವೆ ವಿಡಿಯೋ ತೆಗೆಯುವ ತುಷಾರನದು. ಎಂಟು ತಿಂಗಳ ಕಾಲ ಭಾನುವಾರ ಬಂದರೆ ಸಾಕು, ಸಿಕ್ಕವರನ್ನು ಸಿಕ್ಕಂತೆ ನಿಲ್ಲಿಸಿ ಒಂದೊಂದೇ ದೃಶ್ಯ ತೆಗೆದರು. ಉಳಿದದ್ದು ಆ ಕೊನೆಯ ದೃಶ್ಯವೊಂದೇ.

ಅದಕ್ಕೆ ಹನ್ನೊಂದೂ ಜನ ಒಟ್ಟಿಗೆ ಬೇಕು. ಒಟ್ಟಿಗೆ ಸಿಕ್ಕಿದ್ದು ಈ ಭಾನುವಾರ. ಸೋಮವಾರ ಬೆಳಿಗ್ಗೆ ಚಿತ್ರೀಕರಣಕ್ಕೆ ಸಿಕ್ಕಿದ್ದ ಹಳೆಯ ಬಂಗಲೆ ಕೆಡವಲು ಜೆಸಿಬಿ ಬರುವುದಿತ್ತು. ಕರೆಂಟು ಆಗಲೇ ಕಿತ್ತಿದ್ದರು. ಕಿಟಕಿಯಿಂದ ಬರುವ ಬೆಳಕೇ ಗತಿ, ಅದೂ ಸಂಜೆ ಐದರ ತನಕ. ಇಂದು ಆಗದಿದ್ದರೆ ಇನ್ನು ಇಲ್ಲವೇ ಇಲ್ಲ.

ಕೊಲೆಗಾರನ ಪಾತ್ರ ಮನೋಹರ ಹೆಗಡೆಯವರದು. ಅಕ್ಕೋರು ಎಡವಿದ್ದೇ ಅಲ್ಲಿ. ಹೆಗಡೆಯವರು ತಾಳಮದ್ದಲೆಯ ಅರ್ಥಧಾರಿ. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರು ಹಾಡಿದ ಪದಕ್ಕೆ ಕೂತಲ್ಲಿಂದಲೇ ಅರ್ಥ ಹೇಳಿ ಎದುರಿನವರನ್ನು ಮಾತಿನಲ್ಲಿ ಕಟ್ಟಿಹಾಕುವುದು ಅವರ ನಲವತ್ತು ವರ್ಷದ ರೂಢಿ. ಕತೆಯಲ್ಲಿ ಸೋಲುವ ಪಾತ್ರ ಬಂದರೂ ಮಾತಿನಲ್ಲಿ ಸೋತವರಲ್ಲ. ಧ್ವನಿ ಚೆನ್ನಾಗಿದೆ ಎಂದು ಅಕ್ಕೋರು ಆರಿಸಿದ್ದರು. ಧ್ವನಿಯ ಜೊತೆಗೆ ಬಾಯಿಯೂ ಬರುತ್ತದೆಂಬುದು ಆಗ ಹೊಳೆದಿರಲಿಲ್ಲ.

ಬರೆದುಕೊಟ್ಟದ್ದು ಇಷ್ಟೇ. ಚೇತನಾ ಆರೋಪ ಹೊರಿಸಿದಾಗ ಹೆಗಡೆಯವರು ತಲೆ ತಗ್ಗಿಸಿ ಹೌದು ಎನ್ನಬೇಕು. ಒಂದೇ ಒಂದು ಶಬ್ದ.

ಮೊದಲ ಸಲ ಚೇತನಾ ಬೆರಳು ತೋರಿದಳು. ಹೆಗಡೆಯವರು ಹೆಗಲ ಶಾಲು ಸರಿಮಾಡಿಕೊಂಡು, ಯಜಮಾನನ ಆಯುಷ್ಯವೇ ಮುಗಿದಿತ್ತು, ಕಷಾಯ ಬರೀ ನಿಮಿತ್ತ, ನಿಮಿತ್ತಕ್ಕೆ ಶಿಕ್ಷೆ ಕೊಡುವುದಾದರೆ ಮೊದಲು ಲೋಟವನ್ನು ಜೈಲಿಗೆ ಹಾಕಿ ಎಂದು ಹನ್ನೆರಡು ನಿಮಿಷ ವಾದಿಸಿದರು. ಎರಡನೇ ಸಲ, ಎಲ್ಲರೂ ಸಹಜ ಸಾವೆಂದು ಸಮಾಧಾನದಲ್ಲಿದ್ದ ಮನೆಗೆ ಕರೆಯದೆ ಬಂದು ಅದನ್ನು ಕೊಲೆ ಮಾಡಿದವಳು ನೀನೇ ಎಂದು ಚೇತನಾಳ ಮೇಲೆಯೇ ತಿರುಗಿಸಿದರು. ಮೂರನೇ ಸಲ, ಸತ್ತವನ ತಾಯಿಯಾಗಿದ್ದ ಸೀತಮ್ಮ ಕಣ್ಣೊರೆಸಿಕೊಂಡು, ಪಾಪ, ಅವರನ್ನು ಬಿಟ್ಟುಬಿಡಿ ಎಂದರು. ಕ್ಯಾಮೆರಾದ ಹಿಂದೆ ತುಷಾರನೂ ತಲೆದೂಗುತ್ತಿದ್ದ.

"ಅಕ್ಕೋರೆ, ಇವ್ರ ಬಾಯಿ ಕಟ್ಟೂದು ನನ್ ಕೈಲಿ ಆಗೂದಿಲ್ಲ," ಎಂದಳು ಚೇತನಾ. "ಇವ್ರು ಕೊಂದಿಲ್ಲ ಅಂತ ಈಗ ನಂಗೇ ಅನ್ಸ್ತದೆ."

ಅಕ್ಕೋರು ಹೆಗಡೆಯವರನ್ನು ಜಗುಲಿಗೆ ಕರೆದು ಬೇಡಿಕೊಂಡರು. ಅವರೇನು ಕೆಟ್ಟವರಲ್ಲ. ಮುಂದಿನ ಸಲ ಖಂಡಿತ ಎಂದು ಪ್ರತಿ ಸಲವೂ ಮನಸಾರೆ ಮಾತು ಕೊಟ್ಟಿದ್ದರು. ಆದರೆ ಹತ್ತು ಜನ ಸುತ್ತ ಕೂತು ಒಬ್ಬರು ಪ್ರಶ್ನೆ ಎಸೆದರೆ ಸಾಕು, ಮಾತು ತನ್ನಿಂತಾನೇ ಹೊರಡುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು.

"ಎದುರಿಗಿದ್ದವ್ರು ಪ್ರಶ್ನೆ ಹಾಕಿದ ಮೇಲೆ ಸುಮ್ನೆ ಕೂತ್ಕಂಡ್ರೆ ಆನು ಎಂತ ಅರ್ಥಧಾರಿ, ದೇವಕಿ?" ಎಂದರು, ನಿಜವಾದ ಸಂಕಟದಿಂದ.

ನಾಲ್ಕು ಗಂಟೆಗೆ ಚಹಾ ಬಂತು. ಕೆಲವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಈ ಕತೆಯೂ ಅರ್ಧಕ್ಕೇ ನಿಂತಿತು ಎಂದು ನಾಳೆ ಪೇಟೆಯಲ್ಲಿ ಆಗುವ ನಗೆ ಅವರಿಗೆ ಈಗಲೇ ಕೇಳಿಸುತ್ತಿತ್ತು. ಇಲ್ಲ, ಐದರ ತನಕ ಯಾರೂ ಹೊಸಿಲು ದಾಟಬಾರದು ಎಂದು ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು.

ಕೂತಲ್ಲಿಂದಲೇ ಕಂಡಿತು. ಅಡುಗೆಯವನ ಪಾತ್ರದ ಗೋವಿಂದ ಭಾಗವತರು, ಹೆಗಡೆಯವರ ಮೇಳದಲ್ಲೇ ಹಾಡುವವರು, ಏನೋ ಯೋಚನೆಯಲ್ಲಿ ಲೋಟದ ಅಂಚಿಗೆ ಚಮಚದಿಂದ ತಾಳ ಹಾಕಿದರು. ಎದುರಿಗೆ ಹೆಗಡೆಯವರು ತಾವೇಕೆ ನಿರಪರಾಧಿ ಎಂಬುದಕ್ಕೆ ನಾಲ್ಕನೇ ಕಾರಣವನ್ನು ತುಷಾರನಿಗೆ ವಿವರಿಸುತ್ತಿದ್ದರು. ವಾಕ್ಯದ ನಡುವೆ ಮಾತು ನಿಂತಿತು. ಕಣ್ಣು ಕೆಳಗಾಯಿತು, ತಲೆ ತುಸು ಬಾಗಿತು, ಎತ್ತಿದ ಕೈ ತೊಡೆಯ ಮೇಲೆ ಬಂದು ಕೂತಿತು. ಚಮಚ ನಿಂತ ಮೇಲೆಯೇ ವಾದ ಮುಂದುವರಿಯಿತು. ಯಾರೂ ಗಮನಿಸಲಿಲ್ಲ, ಸ್ವತಃ ಹೆಗಡೆಯವರೂ.

ಅಕ್ಕೋರು ಗಮನಿಸಿದರು. ಎಂಟು ತಿಂಗಳು ಪತ್ತೇದಾರಿ ಕತೆಯಲ್ಲಿ ಮುಳುಗಿದ್ದವರಿಗೆ ಅಷ್ಟಾದರೂ ಕಣ್ಣು ಬೇಡವೇ. ಭಾಗವತರು ತಾಳ ತಟ್ಟಿ ಪದ ಎತ್ತಿದರೆಂದರೆ ಅರ್ಥಧಾರಿ ಬಾಯಿ ಮುಚ್ಚಬೇಕು, ವಾದ ಎಷ್ಟೇ ಬಾಕಿ ಇರಲಿ. ತಾಳಮದ್ದಲೆಯಲ್ಲಿ ಅದಕ್ಕೆ ಮೇಲ್ಮನವಿ ಇಲ್ಲ. ಅವರು ಭಾಗವತರನ್ನು ಹಿತ್ತಲಿಗೆ ಕರೆದು ಎರಡು ಮಾತು ಹೇಳಿದರು. ತುಷಾರನ ಹತ್ತಿರ, ಬೇಡದ ಸದ್ದನ್ನು ಆಮೇಲೆ ತೆಗೆಯಬಹುದೇ ಎಂದು ಕೇಳಿದರು. ತೆಗೆಯಬಹುದು ಎಂದ.

ಐದಕ್ಕೆ ಹತ್ತು ನಿಮಿಷವಿತ್ತು. ಹತ್ತು ಜನ ಕೂತರು. ಹನ್ನೊಂದನೆಯವರಾದ ಭಾಗವತರು ಅಡುಗೆಯವನಂತೆ ಸೀತಮ್ಮನ ಕುರ್ಚಿಯ ಹಿಂದೆ ನಿಂತರು, ಕೈ ಕಾಣದ ಹಾಗೆ. ಕೈಯಲ್ಲಿ ಚೀಲದಿಂದ ತೆಗೆದ ಕಂಚಿನ ತಾಳ. ಚೇತನಾ ಒಬ್ಬೊಬ್ಬರನ್ನೇ ದಾಟಿ ಬಂದು ಹೆಗಡೆಯವರ ಎದುರು ನಿಂತು, ವಿಷ ಬೆರೆಸಿದವರು ನೀವೇ ಎಂದಳು. ಹೆಗಡೆಯವರು ಶಾಲು ಸರಿಮಾಡಿಕೊಂಡರು. ಬಾಯಿ ತೆರೆದರು.

ತಾಳ ಬಿತ್ತು.

ತೆರೆದ ಬಾಯಿ ಮುಚ್ಚಿತು. ಕಣ್ಣು ಕೆಳಗಾಯಿತು, ತಲೆ ಬಾಗಿತು, ಕೈ ತೊಡೆಗಿಳಿಯಿತು. ಕಿಟಕಿಯ ಕೊನೆಯ ಬೆಳಕು ಅವರ ಬಿಳಿಗೂದಲ ಮೇಲಿತ್ತು. ಹೌದು ಎಂದಿದ್ದರೂ ಅಷ್ಟು ಒಪ್ಪಿಕೊಂಡಂತೆ ಕಾಣುತ್ತಿರಲಿಲ್ಲ. ಮೂರನೇ ಸಲ ಅವರ ಪರ ನಿಂತಿದ್ದ ಸೀತಮ್ಮ, ಯಾರೂ ಹೇಳದೆಯೇ, ಮುಖ ಆಚೆ ತಿರುಗಿಸಿಕೊಂಡರು. ಅಕ್ಕೋರು ಮನಸ್ಸಿನಲ್ಲಿ ಇಪ್ಪತ್ತು ಎಣಿಸಿ ಸಾಕು ಎಂದರು.

ಹೆಗಡೆಯವರು ತಲೆಯೆತ್ತಿ ಭಾಗವತರನ್ನು ನೋಡಿದರು, ಆಮೇಲೆ ಅಕ್ಕೋರನ್ನು. ಅಕ್ಕೋರಿಗೆ ಹೆದರಿಕೆಯಾಯಿತು. ಹಿರಿಯ ಕಲಾವಿದರಿಗೆ ಮೋಸ ಮಾಡಿದೆನೇನೋ ಅನ್ನಿಸಿತು.

"ಆನು ಸೋತಿದ್ನಿಲ್ಲೆ," ಎಂದರು ಹೆಗಡೆಯವರು. "ತಾಳ ಬಿತ್ತು."

"ಹೌದು ಭಾವ. ಆದ್ರೆ ಕತೆ ಮುಂದೆ ಹೋಗವು, ಅಲ್ದಾ?" ಎಂದರು ಅಕ್ಕೋರು.

ಹೆಗಡೆಯವರು ನಲವತ್ತು ವರ್ಷ ಎಷ್ಟೋ ಒಳ್ಳೆಯ ವಾದಗಳನ್ನು ತಾಳಕ್ಕೆ ಬಿಟ್ಟುಕೊಟ್ಟವರು. ಹೋಗಲೇಬೇಕು ಎಂದು ಶಾಲು ಮಡಚತೊಡಗಿದರು.

"ಪ್ರಸಂಗ ಆತು. ಮಂಗಳ ಹಾಡ್ಲಾ?" ಎಂದು ಭಾಗವತರು ಕೇಳಿದರು. ಮಂಗಳದ ಪದ ಹಾಡದೆ ಅವರು ಯಾವ ಕೂಟದಿಂದಲೂ ಎದ್ದವರಲ್ಲ.

ಅರವತ್ತು ದಾಟಿದ ಆಯುಷ್ಯದಲ್ಲಿ ಅಕ್ಕೋರು ಶುರು ಮಾಡಿದ ಯಾವುದೂ ಮಂಗಳದ ತನಕ ಬಂದಿರಲಿಲ್ಲ.

"ಹಾಡಿ ಭಾಗವತ್ರೆ," ಎಂದರು. "ಪೂರ್ತಿ ಹಾಡಿ."