ಸಾಲಿನ ಕೊನೆಯ ಗುರುತು

ತೆರೆಯ ಎಡಗಡೆಯ ಉತ್ತರವನ್ನು ಓದಿದಳು. ಬಲಗಡೆಯದನ್ನು ಓದಿದಳು. ಒಂದಕ್ಷರವೂ ಹೆಚ್ಚುಕಡಿಮೆ ಇರಲಿಲ್ಲ. ಆದರೂ ಕಂಪ್ಯೂಟರಿನ ತೆರೆಯ ಕೆಳತುದಿಯಲ್ಲಿ ಆ ಕೆಂಪು ಸಾಲು ಹಾಗೇ ನಿಂತಿತ್ತು: ನಾನೂರ ಹನ್ನೆರಡು ಪರೀಕ್ಷೆಗಳು ಫೇಲ್.

ಹೊರಗೆ ಒಣಹಾಕಿದ ಬಟ್ಟೆಗಳ ನೆರಳು ಕಿಟಕಿಯಿಂದ ಒಳಬಂದು ಗೋಡೆಯ ಮೇಲೆ ಮೆಲ್ಲಗೆ ತೇಲುತ್ತಿತ್ತು. ತೊಟ್ಟಿಲಲ್ಲಿ ಹತ್ತು ತಿಂಗಳ ಮಗಳು ಮಲಗಿದ್ದಳು. ಪಕ್ಕದ ಕುರ್ಚಿಯಲ್ಲಿ ಕೂತ ಅತ್ತೆ ಒಂದು ಕಾಲಿನಿಂದ ತೊಟ್ಟಿಲನ್ನು ದೂಡುತ್ತಿದ್ದರು. ಅದು ಹೋಗುತ್ತಿತ್ತು, ಬರುತ್ತಿತ್ತು. ಆ ಕಿರುಗುಟ್ಟುವಿಕೆಗೆ ಅವಳ ಕಣ್ಣುಗಳೂ ಎಳೆಯುತ್ತಿದ್ದವು.

ವರ್ಷದ ಮೇಲೆ ಕೆಲಸಕ್ಕೆ ಮರಳಿ ಇದು ನಾಲ್ಕನೆಯ ದಿನ. ಜನ ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸಿಕೊಡುವ ಕಂಪೈಲರ್ ಅವರ ಕಂಪನಿಯದು. ಅದು ಕೊಡುವ ಉತ್ತರವನ್ನು ಮೊದಲೇ ಬರೆದಿಟ್ಟ ಸರಿಯುತ್ತರದ ಜೊತೆ ಹೋಲಿಸುವ ಪರೀಕ್ಷೆಗಳು ಅವಳ ಪಾಲಿನವು. ದಿನವೂ ತಾವಾಗಿಯೇ ಓಡಿ ಹಸಿರು ತೋರಿಸುತ್ತಿದ್ದವು. ನಿನ್ನೆ ಅವನ್ನು ಹೊಸ ಯಂತ್ರಕ್ಕೆ ಸಾಗಿಸಿದ್ದರು. ಇವತ್ತು ಬರೀ ಕೆಂಪು.

ಫೋನು ನಡುಗಿತು. ತಂಡದ ಮುಖ್ಯಸ್ಥ.

"ಮೂರು ಗಂಟೆಗೆ ಕಂಪೈಲರ್ ಬಿಡುಗಡೆ ಇದೆ ಮೇಡಂ. ಇನ್ನೂ ಏನ್ ನೋಡ್ತಿದೀರ? ಎರಡೂ ಒಂದೇ ಥರ ಕಾಣ್ತಿದೆ ತಾನೆ? ಈಗ ಬಂದಿರೋದನ್ನೇ ಸರಿಯುತ್ತರ ಅಂತ ಉಳಿಸ್ಬಿಡಿ. ಒಂದು ಗುಂಡಿ ಒತ್ತಿದ್ರೆ ಮುಗೀತು."

"ಕಾರಣ ಗೊತ್ತಾಗದೆ ಹೇಗೆ ಉಳಿಸ್ಲಿ ಸರ್?"

"ಕಷ್ಟ ಆಗ್ತಿದ್ರೆ ಹೇಳಿ, ಬೇರೆಯವರಿಗೆ ಕೊಡ್ತೀನಿ. ಮಗು ಇನ್ನೂ ಸಣ್ಣದು. ಸ್ವಲ್ಪ ದಿನ ಮನೇಲೇ ಇದ್ರೂ ಯಾರೂ ಏನೂ ಅಂದ್ಕೊಳ್ಳಲ್ಲ."

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದಳು. ಆ ಕನಿಕರವನ್ನು ಮಾತ್ರ ಸಹಿಸಲಾರದೆ ಫೋನು ಇಟ್ಟಳು. ಮಗುವಿಗೆ ಹಾಲೂಡಿಸುತ್ತ, ಬಟ್ಟೆ ಮಡಚುತ್ತ, ವರ್ಷವಿಡೀ ಈ ಕೆಲಸಕ್ಕೇ ಅವಳು ದಿನ ಎಣಿಸಿದ್ದಳು.

"ಯಾರಮ್ಮ ಅದು, ಬಸ್ಸು ತಪ್ಪಿಹೋಗತ್ತೆ ಅನ್ನೋರ ಥರ ಮಾತಾಡೋದು?" ಎಂದರು ಅತ್ತೆ.

"ನಮ್ಮ ಮುಖ್ಯಸ್ಥರು. ಎರಡೂ ಒಂದೇ ಥರ ಕಾಣತ್ತೆ ಅತ್ತೆ. ಯಂತ್ರ ಮಾತ್ರ ಬೇರೆ ಬೇರೆ ಅಂತ ಹಟ ಹಿಡಿದಿದೆ."

"ಮಲಗಿರೋ ಮಗು, ಮಲಗಿರೋ ಹಾಗೆ ನಟಿಸೋ ಮಗು, ಎರಡೂ ಒಂದೇ ಥರ ಕಾಣತ್ತೆ. ಹತ್ತಿರ ಹೋಗಿ ನೋಡು."

ಅವಳಿಗೆ ನಗು ಬಂತು. ಕಣ್ಣಿಗೆ ಕಾಣದ ಗುರುತುಗಳನ್ನೂ ತೋರಿಸು ಎಂದು ಯಂತ್ರಕ್ಕೆ ಹೇಳಿದಳು. ಬಿಸಿಲುಕೋಲಿನಲ್ಲಿ ಧೂಳಿನ ಕಣಗಳು ತಟ್ಟನೆ ಕಾಣಿಸುವಂತೆ ಅಕ್ಷರಗಳ ನಡುವೆ, ಸಾಲುಗಳ ತುದಿಯಲ್ಲಿ, ಏನೇನೋ ಮೂಡಿದವು. ಎಡಗಡೆ ಪ್ರತಿ ಸಾಲಿನ ಕೊನೆಗೆ ಒಂದು ಗುರುತು. ಬಲಗಡೆ ಎರಡು.

"ಅಯ್ಯೋ, ಇದಾ! ಸಾಲು ಮುಗೀತು ಅನ್ನೋಕೆ ಹೊಸ ಯಂತ್ರ ಎರಡೆರಡು ಗುರುತು ಹಾಕ್ತಿದೆ ಅತ್ತೆ. ಓದೋ ಪ್ರೋಗ್ರಾಮಿಗೂ ಹಾಕಿದೆ, ಬರೆಯೋ ಉತ್ತರಕ್ಕೂ ಹಾಕಿದೆ. ನಮ್ಮ ಹಳೇ ಸರಿಯುತ್ತರದಲ್ಲಿ ಒಂದೇ ಇರೋದು."

ತೊಟ್ಟಿಲ ಮೇಲಿನ ಕಾಲು ನಿಂತಿತು. ಅತ್ತೆ ಮೂವತ್ತು ವರ್ಷ ತಂತಿ ಕಚೇರಿಯಲ್ಲಿ, ಸುದ್ದಿ ಟೈಪು ಮಾಡಿ ಕಳಿಸುವ ಟೆಲಿಪ್ರಿಂಟರಿನ ಮುಂದೆ ಕೂತವರು.

"ನಮ್ಮಲ್ಲೂ ಎರಡೇ ಕಣೆ. ಒಂದು ಕೀ ಒತ್ತಿದ್ರೆ ಅಚ್ಚೊತ್ತೋ ಭಾಗ ಎಡತುದಿಗೆ ವಾಪಸ್ ಓಡೋದು. ಇನ್ನೊಂದು ಒತ್ತಿದ್ರೆ ಕಾಗದ ಮೇಲೆ ಸರಿಯೋದು. ಕಾಗದದ್ದು ಮರೆತೆಯೋ, ಅಕ್ಷರದ ಮೇಲೆ ಅಕ್ಷರ."

ಅವಳು ಕೇಳುತ್ತಲೇ, ಹೋಲಿಸುವಾಗ ಒಂದಿದ್ದರೂ ಎರಡಿದ್ದರೂ ಒಂದೇ ಎಂದು ಎಣಿಸುವಂತೆ ತಿದ್ದಿ ಪರೀಕ್ಷೆಗಳನ್ನು ಮತ್ತೆ ಓಡಿಸಿದಳು. ಕೆಂಪು ಕರಗುತ್ತ ಹೋಯಿತು. ನಾನೂರ ಹನ್ನೊಂದು ಹಸಿರಾದವು. ಒಂದು ಉಳಿಯಿತು.

ಅದು ಬೇಕೆಂದೇ ತಪ್ಪು ಇಟ್ಟ ಪುಟ್ಟ ಪ್ರೋಗ್ರಾಮು. ಕಂಪೈಲರ್ 'ತಪ್ಪು ಹನ್ನೆರಡನೇ ಸಾಲಿನಲ್ಲಿದೆ' ಎನ್ನಬೇಕಿತ್ತು. ಹದಿನೇಳು ಎನ್ನುತ್ತಿತ್ತು. ಗಂಟೆ ಎರಡೂ ನಲವತ್ತು. ಒಂದೇ ಒಂದು ತಾನೆ? ಆ ಗುಂಡಿ ಒತ್ತಿದರೆ ಇದೂ ಹಸಿರು, ಎಲ್ಲರಿಗೂ ನೆಮ್ಮದಿ. ಅವಳ ಬೆರಳು ಅಲ್ಲಿಯವರೆಗೂ ಹೋಯಿತು.

"ಒಬ್ಬಳು ಹೊಸ ಹುಡುಗಿ ಬಂದಿದ್ಲು," ಅತ್ತೆ ಅರೆಗಣ್ಣಿನಲ್ಲಿ ಹೇಳುತ್ತಲೇ ಇದ್ದರು. "ಎಷ್ಟು ಸಾಲು ಕಳಿಸಿದ್ವಿ ಅಂತ ಬರೆದಿಡಬೇಕಿತ್ತು. ಅವಳು ಆ ಎರಡೂ ಕೀ ಎಣಿಸಿ, ಎಲ್ಲರಿಗಿಂತ ಎರಡರಷ್ಟು ಬರೆಯೋಳು. ಎಂಥ ಚುರುಕು ಅಂತ ಕಚೇರಿಯೆಲ್ಲ ಹೊಟ್ಟೆ ಉರ್ಕೊಳ್ತು! ಕೀ ಎರಡಾದ್ರೂ ಸಾಲು ಒಂದೇ ಅಲ್ವೇನೆ?"

"ಯಾರು ಅತ್ತೆ ಆ ಹುಡುಗಿ?"

"ಯಾರಾದ್ರೆ ನಿಂಗೇನು?" ಎಂದು ಅತ್ತೆ ಮುಖ ತಿರುಗಿಸಿ ನಕ್ಕರು.

ಅವಳ ಬೆರಳು ಹಿಂದೆ ಬಂತು. ಹನ್ನೆರಡಕ್ಕೂ ಹದಿನೇಳಕ್ಕೂ ನಡುವೆ ಐದು. ಪ್ರೋಗ್ರಾಮಿನ ತಲೆಯಲ್ಲಿ, ಓದುವ ಮನುಷ್ಯರಿಗೆಂದು ಬರೆದ ಐದು ಸಾಲಿನ ಟಿಪ್ಪಣಿ. ಕಂಪೈಲರ್ ಅದನ್ನು ಸಾಲೆಣಿಸುತ್ತ ದಾಟಿಹೋಗಬೇಕು, ಅಷ್ಟೆ. ದಾಟುವಾಗ ಎರಡೂ ಗುರುತುಗಳನ್ನು ಎಣಿಸಿಬಿಟ್ಟಿತ್ತು.

ಅವಳೇ ಫೋನು ಮಾಡಿದಳು. "ಒಂದು ಕೆಂಪಾಗೇ ಇರುತ್ತೆ ಸರ್. ಅದು ಪರೀಕ್ಷೆ ತಪ್ಪಲ್ಲ, ಕಂಪೈಲರ್ ತಪ್ಪು. ಟಿಪ್ಪಣಿ ಬಂದ ಕಡೆ ಒಂದು ಸಾಲನ್ನ ಎರಡು ಅಂತ ಎಣಿಸ್ತಿದೆ. ಹೀಗೇ ಬಿಟ್ರೆ, ಇಲ್ಲಿರೋ ತಪ್ಪನ್ನ ಜನ ಎಲ್ಲೋ ಹುಡುಕ್ತಾ ಕೂರ್ತಾರೆ."

"ಗುಂಡಿ ಒತ್ತಿಲ್ಲ ತಾನೆ?"

"ಇಲ್ಲ."

"ಬಿಡುಗಡೆ ನಾಳೆಗೆ ಹಾಕ್ತೀನಿ. ಬೆಳಿಗ್ಗೆ ಅದನ್ನ ತಿದ್ದಿದ ಮೇಲೆ ನೀವೇ ಓಡಿಸಿ ನೋಡ್ಬೇಕು. ಬೇರೆ ಯಾರಿಗೂ ಕೊಡಲ್ಲ."

ಹೇಳಬೇಕೆಂದು ತಿರುಗಿದಳು. ಅತ್ತೆ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಕೊನೆಯ ಸಲ ದೂಡಿದ ತೊಟ್ಟಿಲು ಇನ್ನೂ ತೂಗುತ್ತಿತ್ತು. ಅದು ಆ ತುದಿ ಮುಟ್ಟಿ, ಒಂದು ಗಳಿಗೆ ನಿಂತು ತಿರುಗಿದಾಗ, ಅತ್ತೆಯ ಎರಡು ಬೆರಳುಗಳು ಅವರ ಮೊಣಕಾಲ ಮೇಲೆ, ಕೀ ಒತ್ತುವ ಹಾಗೆ, ಒಂದಾದ ಮೇಲೊಂದರಂತೆ ಮೆತ್ತಗೆ ಒತ್ತಿದವು.